ಬೆನ್ನು ‘ಲಟಕ್’ ಎಂದರೆ ನೋವು ಹೋಯಿತೇ? ಕೈರೋಪ್ರಾಕ್ಟಿಕ್ ಬಗ್ಗೆ ತಿಳಿಯಬೇಕಾದ್ದು

ಫೋನ್ ಹಿಡಿದು ವಿಡಿಯೊ ನೋಡುತ್ತಾ ಕೂತವರಿಗೆ ಇದು ಒಮ್ಮೆಯಾದರೂ ಎದುರಾಗಿರುತ್ತದೆ. ಮೇಜಿನಂಥ ಹಾಸಿಗೆಯ ಮೇಲೆ ಒಬ್ಬರು ಮಲಗಿರುತ್ತಾರೆ. ಇನ್ನೊಬ್ಬರು ಅವರ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಮೆಲ್ಲಗೆ ಪಕ್ಕಕ್ಕೆ ವಾಲಿಸಿ, ಫಕ್ಕನೆ ತಿರುಗಿಸುತ್ತಾರೆ. ‘ಲಟಕ್!’ ಮೈಕು ಹತ್ತಿರದಲ್ಲೇ ಇರುವುದರಿಂದ ಸದ್ದು ನಮ್ಮ ಕಿವಿಯೊಳಗೇ ಆದಂತೆ ಕೇಳುತ್ತದೆ. ಮಲಗಿದ್ದವರು ಒಂದು ಕ್ಷಣ ಬೆಚ್ಚುತ್ತಾರೆ, ಆಮೇಲೆ ನಗುತ್ತಾರೆ. ಕೆಲವರು ಅತ್ತುಬಿಡುತ್ತಾರೆ. ವರ್ಷಗಳ ನೋವು ಹತ್ತು ಸೆಕೆಂಡಿನಲ್ಲಿ ಮಾಯ!

ನೋಡಿದ ಮೇಲೆ ನಮ್ಮ ಕುತ್ತಿಗೆಯೂ ಯಾಕೋ ಬಿಗಿದಂತೆ ಅನಿಸುತ್ತದೆ, ಅಲ್ವಾ? ಒಮ್ಮೆ ಮಾಡಿಸಿಕೊಂಡು ಬರೋಣ ಎಂಬ ಆಸೆ ಒಂದು ಕಡೆ, ಹೆಚ್ಚುಕಮ್ಮಿ ಆದರೆ ಏನು ಗತಿ ಎಂಬ ಅಳುಕು ಇನ್ನೊಂದು ಕಡೆ. ಎರಡಕ್ಕೂ ಕಾರಣವಿದೆ. ಈ ಚಿಕಿತ್ಸೆಯ ಹೆಸರು ಕೈರೋಪ್ರಾಕ್ಟಿಕ್. ಗ್ರೀಕ್ ಭಾಷೆಯಲ್ಲಿ ‘ಕೈರ್’ ಅಂದರೆ ಕೈ. ನಮ್ಮ ‘ಕೈ’ಗೂ ಅದಕ್ಕೂ ನಂಟೇನೂ ಇಲ್ಲ, ಆದರೆ ನೆನಪಿಟ್ಟುಕೊಳ್ಳಲು ಸುಲಭವಾಯಿತು. ಕೈಯಿಂದ ಮಾಡುವ ಚಿಕಿತ್ಸೆ, ಅಷ್ಟೇ ಅರ್ಥ. ಇಲ್ಲಿ ಸಾಮಾನ್ಯವಾಗಿ ಔಷಧಿ ಕೊಡುವುದಿಲ್ಲ, ಆಪರೇಷನ್ ಮಾಡುವುದಿಲ್ಲ. ಕೀಲುಗಳನ್ನು, ಅದರಲ್ಲೂ ಬೆನ್ನುಮೂಳೆಯ ಕೀಲುಗಳನ್ನು, ಕೈಯಿಂದ ಒತ್ತಿ, ತಿರುಗಿಸಿ, ತಳ್ಳಿ ಸಡಿಲ ಮಾಡುತ್ತಾರೆ. ಈ ತಳ್ಳುವಿಕೆಗೆ ಅವರು ‘ಅಡ್ಜಸ್ಟ್‌ಮೆಂಟ್’ ಅನ್ನುತ್ತಾರೆ.

ಮೊದಲು ಬೆನ್ನಿನ ಕಟ್ಟಡ ನೋಡೋಣ

ಬೆನ್ನುಮೂಳೆ ಅಂದರೆ ಒಂದೇ ಉದ್ದನೆಯ ಮೂಳೆಯಲ್ಲ. ಒಂದರ ಮೇಲೊಂದು ಕೂತ ಮಣಿಗಳ ಸಾಲು. ಹುಟ್ಟುವಾಗ 33 ಮಣಿಗಳಿರುತ್ತವೆ. ದೊಡ್ಡವರಾಗುತ್ತಾ ಕೆಳಗಿನವು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಬಿಡಿಬಿಡಿಯಾಗಿ ಅಲುಗಾಡುವುದು 24 ಮಾತ್ರ: ಕುತ್ತಿಗೆಯಲ್ಲಿ 7, ಪಕ್ಕೆಲುಬು ಅಂಟಿಕೊಂಡಿರುವ ನಡುಬೆನ್ನಿನಲ್ಲಿ 12, ಸೊಂಟದಲ್ಲಿ 5.

ಮಣಿಗಳ ನಡುವೆ ಡಿಸ್ಕ್ ಎಂಬ ಮೆತ್ತೆ ಇದೆ. ಹೊರಗೆ ಗಟ್ಟಿ ನಾರು, ಒಳಗೆ ಲೋಳೆಯಂಥ ತಿರುಳು. ಮಣಿಗಳ ಹಿಂಭಾಗದಲ್ಲಿ ಎಡಕ್ಕೂ ಬಲಕ್ಕೂ ಪುಟ್ಟ ಪುಟ್ಟ ಕೀಲುಗಳಿವೆ. ನಾವು ಬಾಗುವುದು, ತಿರುಗುವುದು ಈ ಕೀಲುಗಳಿಂದಲೇ. ಮಣಿಗಳ ಮಧ್ಯದ ಕೊಳವೆಯಲ್ಲಿ ಬೆನ್ನುಹುರಿ ಇಳಿಯುತ್ತದೆ, ಅಲ್ಲಿಂದ 31 ಜೊತೆ ನರಗಳು ಎಡಬಲಕ್ಕೆ ಹೊರಡುತ್ತವೆ. ಇದೆಲ್ಲವನ್ನೂ ಸ್ನಾಯುಗಳೂ ನಾರುಪಟ್ಟಿಗಳೂ ಬಲವಾಗಿ ಬಿಗಿದು ಹಿಡಿದಿವೆ. ಈ ಕೊನೆಯ ಮಾತು ಮುಖ್ಯ. ಕೆಮ್ಮಿದರೆ, ಬಗ್ಗಿದರೆ ಜಾರಿಹೋಗುವಷ್ಟು ಸಡಿಲವಾಗಿ ಮಣಿಗಳು ಕೂತಿಲ್ಲ.

ಆ ಸದ್ದು ಎಲ್ಲಿಂದ ಬರುತ್ತದೆ?

ಬೆರಳಿನ ನೆಟಿಗೆ ಮುರಿದಾಗ ಬರುತ್ತದಲ್ಲ, ಅದೇ ಸದ್ದು. ಮೂಳೆಗೆ ಮೂಳೆ ಉಜ್ಜಿದ್ದೂ ಅಲ್ಲ, ಜರುಗಿದ ಮೂಳೆ ‘ಟಕ್’ ಎಂದು ಜಾಗಕ್ಕೆ ಬಂದು ಕೂತದ್ದೂ ಅಲ್ಲ.

ಕೀಲಿನ ಸುತ್ತ ಒಂದು ಮುಚ್ಚಿದ ಚೀಲವಿದೆ. ಅದರೊಳಗೆ ಎಣ್ಣೆಯಂಥ ಜಾರುವ ದ್ರವ. ಆ ದ್ರವದಲ್ಲಿ ಅನಿಲ ಕರಗಿರುತ್ತದೆ. ಸೋಡಾ ಬಾಟಲಿ ನೆನಪಿಸಿಕೊಳ್ಳಿ. ಮುಚ್ಚಳ ಬಿಗಿಯಾಗಿರುವಾಗ ಒಳಗೆ ಗುಳ್ಳೆ ಕಾಣುವುದಿಲ್ಲ. ತೆಗೆದ ಕೂಡಲೇ ಒತ್ತಡ ಇಳಿದು ಗುಳ್ಳೆ ಏಳುತ್ತವೆ. ಕೀಲನ್ನು ಫಕ್ಕನೆ ಎಳೆದಾಗಲೂ ಹಾಗೆಯೇ. ಚೀಲದೊಳಗಿನ ಒತ್ತಡ ತಟ್ಟನೆ ಇಳಿದು ಅಲ್ಲೊಂದು ಗುಳ್ಳೆ ಹುಟ್ಟುತ್ತದೆ. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಎಂಆರ್‌ಐ ಯಂತ್ರದೊಳಗೆ ಬೆರಳು ಎಳೆದು ಇದನ್ನು ಚಿತ್ರ ಸಮೇತ ತೋರಿಸಿದರು. ಸದ್ದು ಗುಳ್ಳೆ ಹುಟ್ಟುವಾಗ ಬರುತ್ತದೋ ಕುಸಿಯುವಾಗ ಬರುತ್ತದೋ ಎಂಬ ಜಗಳ ವಿಜ್ಞಾನಿಗಳಲ್ಲಿ ಇನ್ನೂ ಮುಗಿದಿಲ್ಲ. ಆ ಅನಿಲ ಮತ್ತೆ ದ್ರವದಲ್ಲಿ ಕರಗಲು ಸುಮಾರು 20 ನಿಮಿಷ ಬೇಕು. ಒಮ್ಮೆ ಮುರಿದ ಬೆರಳು ಕೂಡಲೇ ಇನ್ನೊಮ್ಮೆ ಸದ್ದು ಮಾಡದಿರುವುದು ಅದಕ್ಕೇ.

ನೆಟಿಗೆ ಮುರಿದರೆ ಸಂಧಿವಾತ ಬರುತ್ತದೆ ಎಂದು ಹಿರಿಯರು ಗದರಿಸುತ್ತಾರಲ್ಲ, ಅಮೆರಿಕದ ಡೊನಾಲ್ಡ್ ಉಂಗರ್ ಎಂಬ ವೈದ್ಯರಿಗೂ ಅವರ ತಾಯಿ ಹೀಗೇ ಗದರಿಸಿದ್ದರಂತೆ. ನೋಡೇಬಿಡೋಣ ಎಂದು ಅವರು 50 ವರ್ಷ ಎಡಗೈ ಬೆರಳುಗಳ ನೆಟಿಗೆ ಮಾತ್ರ ಮುರಿದರು, ದಿನಕ್ಕೆ ಕಡಿಮೆಯೆಂದರೆ ಎರಡು ಸಲ. ಬಲಗೈಯನ್ನು ಸುಮ್ನೆ ಬಿಟ್ಟರು. ಕೊನೆಗೆ ಎರಡೂ ಕೈಯಲ್ಲಿ ಸಂಧಿವಾತ ಇರಲಿಲ್ಲ. ನಗಿಸಿ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್ 2009ರಲ್ಲಿ ಅವರಿಗೆ ಸಿಕ್ಕಿತು. ಒಬ್ಬರ ಕೈ ನೋಡಿ ಎಲ್ಲರ ಬಗ್ಗೆ ಹೇಳಲಾಗದು, ನಿಜ. ಆದರೆ ಆ ಹಟಕ್ಕೆ ಮೆಚ್ಚಲೇಬೇಕು.

ಹಾಗಾದರೆ ಚಿಕಿತ್ಸೆಯಲ್ಲಿ ಮೂಳೆ ಜರುಗುವುದೇ ಇಲ್ಲವೇ? ತಳ್ಳಿದ ಆ ಕ್ಷಣಕ್ಕೆ ಕೀಲು ಕೊಂಚ ತೆರೆಯುತ್ತದೆ, ಮತ್ತೆ ಮೊದಲಿನಂತೆ ಆಗುತ್ತದೆ. 1998ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸೊಂಟದ ಕೆಳಗಿನ ಕೀಲನ್ನು ಹೀಗೆ ತಳ್ಳುವ ಮೊದಲು ಮತ್ತು ತಳ್ಳಿದ ಮೇಲೆ ಬಹಳ ಸೂಕ್ಷ್ಮವಾದ ಎಕ್ಸ್‌ರೇ ವಿಧಾನದಿಂದ ಅಳೆದರು. ಕೀಲು ಇದ್ದಲ್ಲೇ ಇತ್ತು. ಸದ್ದು ಜೋರಾಗಿ ಬಂದರೆ ಚಿಕಿತ್ಸೆ ಚೆನ್ನಾಗಿ ಆಯಿತು ಅಂತಲೂ ಅಲ್ಲ, ಬರದಿದ್ದರೆ ದಂಡ ಅಂತಲೂ ಅಲ್ಲ.

ಮೂಳೆ ಜರುಗದಿದ್ದರೆ ಹಾಯೆನಿಸುವುದು ಯಾಕೆ?

ಹಾಯೆನಿಸುವುದು ಸುಳ್ಳಲ್ಲ. ಅದಕ್ಕೆ ಒಂದಕ್ಕಿಂತ ಹೆಚ್ಚು ಕಾರಣಗಳಿವೆ.

ಮೊಣಕೈ ಬಾಗಿಲಿಗೆ ಬಡಿದರೆ ನಾವು ಏನು ಮಾಡುತ್ತೇವೆ? ತಕ್ಷಣ ಆ ಜಾಗವನ್ನು ಉಜ್ಜುತ್ತೇವೆ. ಉಜ್ಜಿದರೆ ಪೆಟ್ಟು ವಾಸಿಯಾಗುವುದಿಲ್ಲ, ಆದರೆ ಉಜ್ಜಿದ ಸಂದೇಶ ನೋವಿನ ಸಂದೇಶದ ಜೊತೆ ಬೆನ್ನುಹುರಿಗೆ ನುಗ್ಗಿ ಅದರ ದಾರಿಗೆ ಅಡ್ಡ ಬರುತ್ತದೆ. ನೋವು ಮಂದವಾಗುತ್ತದೆ. ಕೀಲನ್ನು ಫಕ್ಕನೆ ಹಿಗ್ಗಿಸಿದಾಗಲೂ ನರಗಳಿಗೆ ಇಂಥದೇ ಸಂದೇಶ ಹೋಗುತ್ತದೆ ಎಂಬುದು ಇಂದಿನ ತಿಳಿವಳಿಕೆ. ಬಿಗಿದುಕೊಂಡಿದ್ದ ಸ್ನಾಯು ಸ್ವಲ್ಪ ಹೊತ್ತು ಸಡಿಲವಾಗುತ್ತದೆ, ಕುತ್ತಿಗೆ ಇನ್ನೊಂದಿಷ್ಟು ತಿರುಗುತ್ತದೆ. ಜೊತೆಗೆ, ಒಬ್ಬರು ನಮ್ಮ ನೋವಿನ ಕಥೆಯನ್ನು ಪೂರ್ತಿ ಕೇಳಿ, ನೋವಿರುವ ಜಾಗಕ್ಕೇ ಕೈಯಿಟ್ಟು ‘ಇಲ್ಲೇ ಅಲ್ವಾ?’ ಎಂದಾಗ ಅರ್ಧ ಭಯ ಇಳಿಯುತ್ತದೆ. ಭಯ ಇಳಿದರೆ ನೋವೂ ಇಳಿಯುತ್ತದೆ.

ಇನ್ನೊಂದು ಕಾರಣ ಯಾರ ಕಣ್ಣಿಗೂ ಬೀಳುವುದಿಲ್ಲ. ತಟ್ಟನೆ ಹಿಡಿದುಕೊಂಡ ಸೊಂಟನೋವು ಬಹಳ ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ನಾವು ಚಿಕಿತ್ಸೆಗೆ ಓಡುವುದು ನೋವು ತಾಳಲಾರದಷ್ಟು ಏರಿದ ದಿನ. ಅಲ್ಲಿಂದಾಚೆ ಅದು ಇಳಿಯುವುದೇ ಹೆಚ್ಚು. ಆ ದಿನ ಯಾರ ಹತ್ತಿರ ಹೋಗಿದ್ದೆವೋ ಹೆಸರು ಅವರಿಗೆ! ಕೈರೋಪ್ರಾಕ್ಟಿಕ್‌ಗೆ ಮಾತ್ರವಲ್ಲ, ಮುಲಾಮಿಗೂ ಮಾತ್ರೆಗೂ ಈ ಮಾತು ಸಲ್ಲುತ್ತದೆ.

1895ರ ಒಂದು ಕಿವುಡಿನ ಕಥೆ

‘ಜರುಗಿದ ಮೂಳೆ’ ಎಂಬ ಮಾತು ಬಂದದ್ದು ಎಲ್ಲಿಂದ? ಅಮೆರಿಕದ ಅಯೋವಾ ರಾಜ್ಯದ ಡಾವೆನ್‌ಪೋರ್ಟ್ ಊರಿನಿಂದ. ಅಲ್ಲಿ ಡೇನಿಯಲ್ ಡೇವಿಡ್ ಪಾಮರ್ ಎಂಬವರಿದ್ದರು. ಹುಟ್ಟಿದ್ದು ಕೆನಡಾದಲ್ಲಿ, 1845ರಲ್ಲಿ. ಕೈಯಿಂದ ಹರಿಯುವ ಒಂದು ಬಗೆಯ ಅಯಸ್ಕಾಂತ ಶಕ್ತಿಯಿಂದ ರೋಗ ವಾಸಿ ಮಾಡುತ್ತೇನೆ ಎನ್ನುತ್ತಿದ್ದರು. 1895ರ ಸೆಪ್ಟೆಂಬರ್ 18ರಂದು ಅದೇ ಕಟ್ಟಡದಲ್ಲಿ ಕಸ ಗುಡಿಸುವ ಕೆಲಸ ಮಾಡುತ್ತಿದ್ದ ಹಾರ್ವಿ ಲಿಲ್ಲಾರ್ಡ್ ಅವರ ಬೆನ್ನಿನ ಒಂದು ಮಣಿಯನ್ನು ಪಾಮರ್ ತಳ್ಳಿದರು. ಲಿಲ್ಲಾರ್ಡ್‌ಗೆ 17 ವರ್ಷಗಳಿಂದ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ತಳ್ಳಿದ ಮೇಲೆ ಕೇಳಿಸಿತು ಎಂಬುದು ಪಾಮರ್ ಹೇಳಿಕೆ.

ಇಲ್ಲೊಂದು ತೊಡಕಿದೆ. ಕೇಳುವ ನರ ಕಿವಿಯಿಂದ ಸೀದಾ ಮೆದುಳಿಗೆ ಹೋಗುತ್ತದೆ, ತಲೆಬುರುಡೆಯೊಳಗೇ. ಅದು ಬೆನ್ನಿನ ಕಡೆಗೆ ಇಳಿಯುವುದೇ ಇಲ್ಲ. ಆದರೂ ಪಾಮರ್ ಅದರ ಮೇಲೆ ದೊಡ್ಡದೊಂದು ಸಿದ್ಧಾಂತ ಕಟ್ಟಿದರು. ಮೈಯಲ್ಲಿ ಹುಟ್ಟಿನಿಂದಲೇ ಬಂದ ಒಂದು ಚೇತನ ನರಗಳ ಮೂಲಕ ಹರಿಯುತ್ತದೆ, ಬೆನ್ನಿನ ಮಣಿ ಜರುಗಿದರೆ ಆ ಹರಿವು ತಡೆಯುತ್ತದೆ, ಶೇ 95ರಷ್ಟು ರೋಗಗಳಿಗೆ ಇದೇ ಮೂಲ ಎಂದರು. ಆ ಜರುಗುವಿಕೆಗೆ ‘ಸಬ್‌ಲಕ್ಸೇಶನ್’ ಎಂದು ಹೆಸರು. ಗಮನಿಸಿ, ಅವರು ಮೊದಲ ಸಲ ಮಣಿ ತಳ್ಳುವ ಹೊತ್ತಿಗೆ ಎಕ್ಸ್‌ರೇ ಇನ್ನೂ ಪತ್ತೆಯಾಗಿರಲಿಲ್ಲ. ರಾಂಟ್‌ಜನ್ ಅದನ್ನು ಕಂಡದ್ದು ಅದೇ ವರ್ಷದ ನವೆಂಬರ್‌ನಲ್ಲಿ. ಅಂದರೆ ಒಳಗಿನ ಮೂಳೆಯನ್ನು ಕಣ್ಣಾರೆ ನೋಡುವ ದಾರಿಯೇ ಇಲ್ಲದ ಕಾಲದಲ್ಲಿ ಹುಟ್ಟಿದ ವಿಚಾರ ಇದು.

ವೈದ್ಯರೂ ಈ ಪದ ಬಳಸುತ್ತಾರೆ, ಗೊಂದಲ ಬೇಡ. ಅವರ ಸಬ್‌ಲಕ್ಸೇಶನ್ ಅಂದರೆ ಕೀಲು ನಿಜಕ್ಕೂ ಅರ್ಧ ತಪ್ಪಿರುವುದು. ಸ್ಕ್ಯಾನ್‌ನಲ್ಲಿ ಅದು ಕಾಣುತ್ತದೆ. ಪಾಮರ್ ಹೇಳಿದ್ದು ಹಾಗೆ ಕಾಣುವುದಿಲ್ಲ. ಬ್ರಿಟನ್‌ನಲ್ಲಿ ಕೈರೋಪ್ರಾಕ್ಟರ್‌ಗಳನ್ನು ನೋಂದಾಯಿಸುವ ಜನರಲ್ ಕೈರೋಪ್ರಾಕ್ಟಿಕ್ ಕೌನ್ಸಿಲ್ 2010ರಲ್ಲಿ, ಇದೊಂದು ಹಳೆಯ ಕಲ್ಪನೆ, ರೋಗಕ್ಕೆ ಇದೇ ಕಾರಣ ಎನ್ನಲು ಸಂಶೋಧನೆಯ ಆಧಾರವಿಲ್ಲ ಎಂದು ತಾನೇ ಹೇಳಿತು.

ಪಾಮರ್ 1897ರಲ್ಲಿ ಶಾಲೆ ತೆರೆದರು. 1906ರಲ್ಲಿ ಪರವಾನಗಿ ಇಲ್ಲದೆ ವೈದ್ಯ ಮಾಡಿದ್ದಕ್ಕೆ ಜೈಲಿಗೂ ಹೋದರು. ಮಗ ಬಿ.ಜೆ. ಪಾಮರ್ ಇದನ್ನು ದೊಡ್ಡ ಉದ್ಯಮವಾಗಿ ಬೆಳೆಸಿದರು. ಬೆಳೆಯುತ್ತಾ ಕೈರೋಪ್ರಾಕ್ಟರ್‌ಗಳಲ್ಲೇ ಎರಡು ಬಣಗಳಾದವು. ಎಲ್ಲ ರೋಗಕ್ಕೂ ಬೆನ್ನುಮೂಳೆಯೇ ಮೂಲ ಎನ್ನುವವರು ಒಂದು. ಆ ಸಿದ್ಧಾಂತ ಬದಿಗಿಟ್ಟು ಬೆನ್ನು, ಕುತ್ತಿಗೆ ನೋವಿಗೆ ವ್ಯಾಯಾಮದ ಜೊತೆ ಕೈಚಿಕಿತ್ಸೆ ಮಾಡುವವರು ಇನ್ನೊಂದು. ಇಂದಿಗೂ ಒಂದೇ ಬೋರ್ಡಿನ ಕೆಳಗೆ ಈ ಇಬ್ಬರಲ್ಲಿ ಯಾರು ಬೇಕಾದರೂ ಸಿಗಬಹುದು. ಈ ಚಿಕಿತ್ಸೆಯ ಬಗ್ಗೆ ಹತ್ತು ಜನ ಹತ್ತು ಮಾತು ಹೇಳುವುದಕ್ಕೆ ಇದೇ ದೊಡ್ಡ ಕಾರಣ ಎಂದು ನನಗನಿಸುತ್ತದೆ.

ವೈದ್ಯರ ಜೊತೆ ಜಗಳವೂ ನಡೆಯಿತು. ಅಮೆರಿಕದ ವೈದ್ಯರ ಸಂಘ ತನ್ನ ಸದಸ್ಯರು ಕೈರೋಪ್ರಾಕ್ಟರ್‌ಗಳ ಜೊತೆ ಸೇರಿ ಕೆಲಸ ಮಾಡುವುದನ್ನು ತಡೆದಿತ್ತು. 1976ರಲ್ಲಿ ಕೇಸು ಬಿತ್ತು. 1987ರಲ್ಲಿ ತೀರ್ಪು ವೈದ್ಯರ ಸಂಘದ ವಿರುದ್ಧ ಬಂತು. ಆದರೆ ಕೋರ್ಟು ಹೇಳಿದ್ದು ‘ಹೀಗೆ ಬಹಿಷ್ಕಾರ ಹಾಕಿದ್ದು ತಪ್ಪು’ ಎಂದು. ‘ಈ ಚಿಕಿತ್ಸೆ ಫಲ ಕೊಡುತ್ತದೆ’ ಎಂದಲ್ಲ.

ಹಾಗಾದರೆ ಫಲ ಕೊಡುವುದು ಎಲ್ಲಿ?

ಸೊಂಟನೋವಿನಲ್ಲಿ, ಸ್ವಲ್ಪ ಮಟ್ಟಿಗೆ.

2020ರ ಲೆಕ್ಕದಲ್ಲಿ ಜಗತ್ತಿನಲ್ಲಿ ಸುಮಾರು 61.9 ಕೋಟಿ ಜನರಿಗೆ ಸೊಂಟನೋವಿತ್ತು. ಇಷ್ಟು ಜನರ ನೋವಿಗೆ ಖಚಿತವಾದ ಒಂದೇ ಮದ್ದು ಇಲ್ಲ. 2017ರಲ್ಲಿ ಅಮೆರಿಕದ ‘ಜಾಮಾ’ ವೈದ್ಯಕೀಯ ಪತ್ರಿಕೆಯಲ್ಲಿ, ಹೊಸದಾಗಿ ಬಂದ ಸೊಂಟನೋವಿಗೆ ಬೆನ್ನುಮೂಳೆಯ ಕೈಚಿಕಿತ್ಸೆ ಎಷ್ಟು ಉಪಯೋಗ ಎಂಬ ಪರಿಶೀಲನೆ ಬಂತು. ಹಲವು ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದಾಗ, 100 ಅಂಕದ ನೋವಿನ ಅಳತೆಯಲ್ಲಿ ಸುಮಾರು 10 ಅಂಕ ಇಳಿದಿತ್ತು. ಸಾಧಾರಣ ನೋವಿನ ಮಾತ್ರೆ ಮಾಡುವಷ್ಟೇ ಕೆಲಸ ಅನ್ನಬಹುದು. ಮಾಯವೂ ಅಲ್ಲ, ಮೋಸವೂ ಅಲ್ಲ.

ಅದೇ ವರ್ಷ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ ಎಂಬ ವೈದ್ಯರ ಸಂಸ್ಥೆ, ಹೊಸ ಸೊಂಟನೋವಿಗೆ ಮಾತ್ರೆಗಿಂತ ಮೊದಲು ಬಿಸಿ ಕಾವು, ಮಸಾಜ್, ಅಕ್ಯುಪಂಕ್ಚರ್, ಬೆನ್ನಿನ ಕೈಚಿಕಿತ್ಸೆ ಇವುಗಳಲ್ಲಿ ಒಂದನ್ನು ನೋಡಬಹುದು ಎಂದಿತು. ಬ್ರಿಟನ್‌ನ ನೈಸ್ ಸಂಸ್ಥೆಯ 2016ರ ಮಾರ್ಗಸೂಚಿ ಇನ್ನೂ ಬಿಗಿ: ಕೈಚಿಕಿತ್ಸೆ ಇರಲಿ, ಆದರೆ ವ್ಯಾಯಾಮದ ಜೊತೆಗೆ ಮಾತ್ರ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಬಹುಕಾಲದ ಸೊಂಟನೋವಿಗೆ ಕೊಟ್ಟ ಮಾರ್ಗಸೂಚಿಯಲ್ಲೂ ಇದಕ್ಕೆ ಜಾಗವಿದೆ, ಷರತ್ತಿನ ಮೇಲೆ. ಇವರು ಮೆಚ್ಚಿದ್ದು ಬೆನ್ನನ್ನು ಕೈಯಿಂದ ತಳ್ಳುವ ವಿಧಾನವನ್ನು. ಅದನ್ನು ಫಿಸಿಯೋಥೆರಪಿಸ್ಟ್‌ಗಳೂ ಇಂಥದೇ ಇನ್ನೊಂದು ಕೈಚಿಕಿತ್ಸೆ ಪದ್ಧತಿಯವರಾದ ಆಸ್ಟಿಯೋಪಾತ್‌ಗಳೂ ಮಾಡುತ್ತಾರೆ. ‘ಚೇತನದ ಹರಿವು’ ಸಿದ್ಧಾಂತಕ್ಕೆ ಯಾರೂ ಸಹಿ ಹಾಕಿಲ್ಲ.

ಕುತ್ತಿಗೆ ನೋವು, ಕುತ್ತಿಗೆಯಿಂದ ಶುರುವಾಗುವ ತಲೆನೋವು ಇವುಗಳಿಗೂ ವ್ಯಾಯಾಮದ ಜೊತೆ ಸ್ವಲ್ಪ ಉಪಯೋಗ ಕಂಡಿದೆ. ಆಸ್ತಮಾ, ಬಿಪಿ, ಕಿವಿಯ ಸೋಂಕು, ಎಳೆಗೂಸು ಬಿಡದೆ ಅಳುವುದು ಇಂಥವಕ್ಕೆ ನಂಬುವಂಥ ಆಧಾರ ಸಿಕ್ಕಿಲ್ಲ.

ಅಪಾಯ ಎಲ್ಲಿದೆ?

ಮಾಡಿಸಿಕೊಂಡವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಆ ಜಾಗದಲ್ಲಿ ನೋವು, ಬಿಗಿತ, ಆಯಾಸ ಅಥವಾ ತಲೆನೋವು ಬರುತ್ತದೆ. ಹೆಚ್ಚಾಗಿ ಒಂದೆರಡು ದಿನದಲ್ಲಿ ಹೋಗುತ್ತದೆ. ಇದು ಹೆದರುವ ವಿಷಯವಲ್ಲ.

ಕುತ್ತಿಗೆಯ ಮಾತು ಬೇರೆ. ಕುತ್ತಿಗೆಯ ಮಣಿಗಳ ಪಕ್ಕದ ರಂಧ್ರಗಳಲ್ಲಿ ಎರಡು ರಕ್ತನಾಳಗಳು ಹಾದು ಮೆದುಳಿನ ಹಿಂಭಾಗಕ್ಕೆ ರಕ್ತ ಒಯ್ಯುತ್ತವೆ. ತೋಟದ ಪೈಪನ್ನು ಜೋರಾಗಿ ತಿರುಚಿದರೆ ಒಳಪದರ ಸೀಳಬಹುದಲ್ಲ, ಹಾಗೆ ಈ ನಾಳದ ಒಳಪದರ ಸೀಳಿದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೆಯಬಹುದು. ಇದು ತೀರಾ ಅಪರೂಪ. ಆದರೆ ಆದಾಗ ಚಿಕ್ಕ ವಯಸ್ಸಿನವರಿಗೂ ಆಗುತ್ತದೆ.

ಇದರಲ್ಲಿ ಒಂದು ಸಿಕ್ಕು ಇದೆ. ನಾಳ ಸೀಳಿದಾಗ ಮೊದಲು ಬರುವುದು ಕುತ್ತಿಗೆ ನೋವು, ತಲೆನೋವು. ಆ ನೋವಿಗೆಂದೇ ಜನ ಚಿಕಿತ್ಸೆಗೆ ಹೋಗುತ್ತಾರೆ. ಹಾಗಾದರೆ ತಿರುಗಿಸಿದ್ದರಿಂದ ಸೀಳಿತೋ, ಸೀಳಿದ್ದರಿಂದ ತಿರುಗಿಸಲು ಹೋದರೋ? 2008ರಲ್ಲಿ ಕೆನಡಾದ ಒಂಟಾರಿಯೊದ ದಾಖಲೆಗಳನ್ನು ಜಾಲಾಡಿದಾಗ, ಇಂಥ ಲಕ್ವಕ್ಕೆ ಮೊದಲು ಕೈರೋಪ್ರಾಕ್ಟರ್ ಹತ್ತಿರ ಹೋದವರಲ್ಲೂ ಮಾಮೂಲಿ ವೈದ್ಯರ ಹತ್ತಿರ ಹೋದವರಲ್ಲೂ ನಂಟು ಒಂದೇ ತೆರನಾಗಿ ಕಂಡಿತು. ಅಂದರೆ ನಾಳ ಮೊದಲೇ ಸೀಳಿ, ಆ ನೋವಿಗೇ ಇಬ್ಬರ ಹತ್ತಿರವೂ ಹೋಗಿರಬಹುದು. ಹಾಗಂತ ಪ್ರಶ್ನೆ ಬಗೆಹರಿದಿಲ್ಲ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2014ರಲ್ಲಿ, ಕುತ್ತಿಗೆ ತಿರುಗಿಸುವ ಮೊದಲು ಈ ನಂಟಿನ ಬಗ್ಗೆ ರೋಗಿಗೆ ತಿಳಿಸಬೇಕು ಎಂದು ಹೇಳಿತು. ಚಿಕಿತ್ಸೆಯ ನಂತರ ಹಿಂದೆಂದೂ ಇಲ್ಲದಂಥ ತಲೆನೋವು, ತಲೆಸುತ್ತು, ಎರಡೆರಡಾಗಿ ಕಾಣುವುದು, ಮಾತು ತೊದಲುವುದು, ನಡಿಗೆ ತಪ್ಪುವುದು ಇವುಗಳಲ್ಲಿ ಒಂದು ಕಂಡರೂ ಮನೆಯಲ್ಲಿ ಮಲಗಬಾರದು, ನೇರ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು.

ಮೂಳೆ ಸವೆದು ಟೊಳ್ಳಾಗಿದ್ದರೆ, ಮೂಳೆ ಮುರಿದಿದ್ದರೆ, ಬೆನ್ನಿನಲ್ಲಿ ಕ್ಯಾನ್ಸರ್ ಅಥವಾ ಸೋಂಕು ಇದ್ದರೆ, ಬೆನ್ನುಹುರಿ ಅದುಮಿಹೋಗಿದ್ದರೆ ತಳ್ಳುವುದು, ತಿರುಗಿಸುವುದು ಬೇಡವೇ ಬೇಡ. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಮೊದಲೇ ಹೇಳಬೇಕು. ಇನ್ನು ಬೆನ್ನುನೋವಿನ ಜೊತೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಕಾಲಿನ ಶಕ್ತಿ ಕುಂದುವುದು, ತೊಡೆಸಂದಿಯ ಸುತ್ತ ಮರಗಟ್ಟುವುದು, ಮೂತ್ರ ಅಥವಾ ಮಲದ ಹಿಡಿತ ತಪ್ಪುವುದು ಕಂಡರೆ ಅದು ಕೈಚಿಕಿತ್ಸೆಯ ಕೇಸೇ ಅಲ್ಲ. ಕೊನೆಯ ಎರಡಕ್ಕೆ ಗಂಟೆಗಳ ಲೆಕ್ಕದಲ್ಲಿ ವೈದ್ಯರನ್ನು ಕಾಣಬೇಕು.

ಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ. ಆಸ್ಟ್ರೇಲಿಯಾದ ಕೈರೋಪ್ರಾಕ್ಟಿಕ್ ಮಂಡಳಿಯೇ 2019ರಲ್ಲಿ ಎರಡು ವರ್ಷದೊಳಗಿನ ಮಕ್ಕಳ ಬೆನ್ನುಮೂಳೆ ತಳ್ಳಬಾರದೆಂದು ತಡೆ ಹಾಕಿತ್ತು.

ಒಳಗೆ ಹೋದರೆ ಏನು ನಡೆಯುತ್ತದೆ?

ಒಳ್ಳೆಯ ಕೈರೋಪ್ರಾಕ್ಟರ್ ಮೊದಲ ದಿನ ಕೈಗಿಂತ ಕಿವಿಯನ್ನು ಜಾಸ್ತಿ ಬಳಸುತ್ತಾರೆ. ನೋವು ಯಾವಾಗ ಶುರುವಾಯಿತು, ಹಳೆಯ ಪೆಟ್ಟು, ಮಾತ್ರೆಗಳು, ಬೇರೆ ಕಾಯಿಲೆ ಎಲ್ಲ ಕೇಳುತ್ತಾರೆ. ಬಾಗಿಸಿ, ನಡೆಸಿ, ಮಂಡಿಗೆ ಪುಟ್ಟ ಸುತ್ತಿಗೆಯಿಂದ ತಟ್ಟಿ ನೋಡುತ್ತಾರೆ. ತಳ್ಳುವ ಕೆಲಸ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ವೇಗ ಜಾಸ್ತಿ, ದೂರ ತೀರಾ ಕಡಿಮೆ. ಸದ್ದಿಲ್ಲದೆ, ನಿಧಾನವಾಗಿ ಕೀಲನ್ನು ಆಡಿಸುವ ವಿಧಾನವೂ ಇದೆ. ಸ್ಪ್ರಿಂಗ್ ಇರುವ ಸಣ್ಣ ಉಪಕರಣದಿಂದ ‘ಟಿಕ್ ಟಿಕ್’ ಎಂದು ತಟ್ಟುವುದೂ ಇದೆ.

ಎಕ್ಸ್‌ರೇ ಎಲ್ಲರಿಗೂ ಬೇಕಿಲ್ಲ. ಚಿತ್ರ ತೋರಿಸಿ ‘ನೋಡಿ, ನಿಮ್ಮ ಡಿಸ್ಕ್ ಸವೆದಿದೆ’ ಎಂದರೆ ಎದೆ ಧಸಕ್ಕೆನ್ನುತ್ತದೆ. ಆದರೆ 2015ರಲ್ಲಿ ಪ್ರಕಟವಾದ ಒಂದು ಪರಿಶೀಲನೆ ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ನೋಡಿತ್ತು. 20ರ ವಯಸ್ಸಿನವರಲ್ಲೇ ಶೇ 37, 80ರವರಲ್ಲಿ ಶೇ 96 ಜನರಿಗೆ ಡಿಸ್ಕ್ ಸವೆತ ಕಂಡಿತ್ತು. ತಲೆಗೂದಲು ನರೆಯುವುದಿಲ್ಲವೇ, ಹಾಗೆಯೇ ಇದೂ.

ಕೈರೋಪ್ರಾಕ್ಟರ್‌ಗಳು ಎಂಬಿಬಿಎಸ್ ಓದಿದ ವೈದ್ಯರಲ್ಲ. ಬೇರೆಯದೇ ಪದವಿ ಇದೆ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಹೇಳಿದ ಪ್ರಕಾರ, ಹೊಸದಾಗಿ ಸೇರಿದವರಿಗೆ ಕಡಿಮೆಯೆಂದರೆ 4,200 ಗಂಟೆಗಳ ಪಾಠ, ತರಬೇತಿ ಬೇಕು. ಅದರಲ್ಲಿ 1,000 ಗಂಟೆ ಹಿರಿಯರ ಕಣ್ಣೆದುರು ರೋಗಿಗಳ ಮೇಲೆ ಮಾಡಿದ ಕೆಲಸವಾಗಿರಬೇಕು. ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ನೋಂದಣಿಯ ಕಾನೂನಿದೆ. ಕಾನೂನಿಲ್ಲದ ಕಡೆ ವಾರಾಂತ್ಯದ ಕೋರ್ಸ್ ಮುಗಿಸಿದವರೂ ಇದೇ ಬೋರ್ಡು ಹಾಕಬಹುದು. ಹಾಗಾಗಿ ಎಲ್ಲಿ ಓದಿದಿರಿ, ಎಷ್ಟು ವರ್ಷ ಓದಿದಿರಿ ಎಂದು ಕೇಳಲು ನಾಚಿಕೆ ಬೇಡ.

ಇನ್ನೆರಡು ಪ್ರಶ್ನೆ ಕೇಳಿ. ಎಷ್ಟು ಸಲ ಬರಬೇಕು? ಸುಧಾರಿಸದಿದ್ದರೆ ಮುಂದೇನು? ಕೆಲವು ವಾರದಲ್ಲಿ ವ್ಯತ್ಯಾಸ ಕಾಣದಿದ್ದರೆ ನಿಲ್ಲಿಸಿ ಬೇರೆ ವೈದ್ಯರಿಗೆ ತೋರಿಸೋಣ ಎಂದರೆ ಅದು ಸರಿಯಾದ ಉತ್ತರ. ನೋವಿಲ್ಲದಿದ್ದರೂ ವರ್ಷವಿಡೀ ಬನ್ನಿ, ಈಗಲೇ ಐವತ್ತು ಸಲದ ಹಣ ಕಟ್ಟಿ ಎಂದರೆ ಮನೆಗೆ ಹೋಗಿ ಯೋಚಿಸಿ. ಮೇಜಿನ ಮೇಲೆ ಮಲಗಿದ ಮೇಲೂ ‘ಕುತ್ತಿಗೆ ತಿರುಗಿಸುವುದು ಬೇಡ, ಸೊಂಟ ಮಾತ್ರ ನೋಡಿ’ ಎನ್ನಬಹುದು. ಹಾಗೆಂದರೆ ಅವರು ಕೈ ತೆಗೆಯಲೇಬೇಕು.